ಪರದೆಗೂ ಶ್ರುತಿ ಬೇಕು

ಅಂಧೇರಿಗೂ ಬಣ್ಣಕ್ಕೂ ಹಳೆಯ ನಂಟು. ಕೆ. ಆಸಿಫ್ ಅವರ ‘ಮೊಘಲ್-ಎ-ಆಜಂ’ ಚಿತ್ರದ ಶೀಶ್ ಮಹಲ್ ಸೆಟ್ ಎದ್ದು ನಿಂತದ್ದು ಇಲ್ಲಿನ ಮೋಹನ್ ಸ್ಟುಡಿಯೋದಲ್ಲಿ. 1960ರಲ್ಲಿ ತೆರೆಕಂಡ ಆ ಚಿತ್ರದ ಬಹುಪಾಲು ಕಪ್ಪು-ಬಿಳುಪು; ಶೀಶ್ ಮಹಲ್ ಹಾಡು ಸೇರಿದಂತೆ ಕೆಲವೇ ಭಾಗಗಳು ವರ್ಣದಲ್ಲಿದ್ದವು. 2004ರಲ್ಲಿ ಇಡೀ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಅಂದು ದೊಡ್ಡ ತಂಡ ಕೂತು ಮಾಡಿದಂಥ ಬಣ್ಣದ ಕೆಲಸವನ್ನು ಇಂದು ಚಿಕ್ಕ ಚಿಕ್ಕ ಕೋಣೆಗಳಲ್ಲಿ ಒಬ್ಬೊಬ್ಬರೇ ಮಾಡುತ್ತಿದ್ದಾರೆ. ಮದುವೆ ಆಲ್ಬಂ, ಉಪನಯನದ ಫೋಟೋ, ಯಕ್ಷಗಾನದ ಪೋಸ್ಟರ್, ಹೋಟೆಲಿನ ಮೆನು ಕಾರ್ಡ್ ಎಲ್ಲವೂ ಒಂದು ಮಾನಿಟರ್ ಮುಂದೆಯೇ ತಯಾರಾಗುತ್ತವೆ. ಊರಿನಿಂದ ಬಂದು ಈ ಕೆಲಸದಲ್ಲಿ ಅನ್ನ ಕಂಡುಕೊಂಡ ನಮ್ಮವರೂ ಇದ್ದಾರೆ.

ಈ ಕೆಲಸದಲ್ಲಿ ಮತ್ತೆ ಮತ್ತೆ ಬರುವ ದೂರು ಒಂದೇ. ‘ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇತ್ತು, ಆಲ್ಬಂನಲ್ಲಿ ಕಪ್ಪಾಗಿದೆ.’ ಧಾರೆ ಸೀರೆಯ ಕುಂಕುಮ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಮದುಮಗಳ ಮನೆಯವರು ಒಪ್ಪುವುದಿಲ್ಲ. ‘ನೀವು ಕೊಟ್ಟ ಫೈಲೇ ಹಾಗಿತ್ತು’ ಎಂದು ಲ್ಯಾಬಿನವರು ಕೈ ತೊಳೆದುಕೊಳ್ಳುತ್ತಾರೆ. ಮತ್ತೆ ಪ್ರಿಂಟ್ ಹಾಕಿಸುವ ಖರ್ಚು ಕಡೆಗೆ ಬೀಳುವುದು ಎಡಿಟ್ ಮಾಡಿದವರ ಕೂಲಿಯ ಮೇಲೆ. ಎಷ್ಟೋ ಸಲ ಇದರಲ್ಲಿ ಕ್ಯಾಮೆರಾದ ತಪ್ಪೂ ಇರುವುದಿಲ್ಲ, ಲ್ಯಾಬಿನ ತಪ್ಪೂ ಇರುವುದಿಲ್ಲ. ತಪ್ಪು ಹೇಳಿದ್ದು ಮಾನಿಟರ್.

ಅದು ಹೇಗೆಂದರೆ, ಫೋಟೋ ಫೈಲಿನೊಳಗೆ ಇರುವುದು ಬಣ್ಣವಲ್ಲ, ಬರೀ ಅಂಕೆ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕೆಗಳು. ಒಂದೊಂದೂ 0ಯಿಂದ 255ರೊಳಗೆ. ಆ ಅಂಕೆಯನ್ನು ಬೆಳಕಾಗಿ ಮಾಡುವ ಕೆಲಸ ಮಾನಿಟರಿನದು. ಟಿವಿ ಅಂಗಡಿಯಲ್ಲಿ ಸಾಲಾಗಿ ಇಟ್ಟ ಟಿವಿಗಳಲ್ಲಿ ಒಂದೇ ಕ್ರಿಕೆಟ್ ಪಂದ್ಯ ಬರುತ್ತಿದ್ದರೂ ಮೈದಾನದ ಹುಲ್ಲು ಒಂದೊಂದರಲ್ಲಿ ಒಂದೊಂದು ಹಸಿರು. ಅಂಕೆ ಒಂದೇ, ಹೇಳುವ ಬಾಯಿ ಬೇರೆ. ಶ್ರುತಿ ಹಿಡಿಯದೆ ಭಾಗವತರು ಪದ ಎತ್ತುವುದುಂಟೇ? ಪರದೆಗೂ ಹಾಗೆಯೇ ಶ್ರುತಿ ಬೇಕು. ಕ್ಯಾಲಿಬ್ರೇಷನ್ ಎನ್ನುವುದು ಅದನ್ನೇ.

‘ಕಣ್ಣಳತೆ ಸಾಲದೇ?’ ಎಂದು ಕೇಳಬಹುದು. ಸಾಲದು. ಶಂಕರಪುರ ಮಲ್ಲಿಗೆಯನ್ನು ಮನೆಯಂಗಳದ ಬಿಸಿಲಲ್ಲಿ ನೋಡಿದರೂ ಬಿಳಿ, ಹಾಲ್‌ನ ಹಳದಿ ದೀಪದಡಿ ನೋಡಿದರೂ ಬಿಳಿ. ನಿಜಕ್ಕೂ ದೀಪದಡಿ ಅದರಿಂದ ಕಣ್ಣಿಗೆ ಬರುವುದು ಹಳದಿ ಬೆಳಕೇ. ಮಲ್ಲಿಗೆ ಬಿಳಿ ಎಂದು ತಿದ್ದಿಕೊಳ್ಳುವುದು ನಮ್ಮ ಮಿದುಳು. ನೀಲಿ ಕಡೆಗೆ ವಾಲಿದ ಮಾನಿಟರಿಗೂ ಕಣ್ಣು ಕೆಲವೇ ನಿಮಿಷಗಳಲ್ಲಿ ಹೀಗೆಯೇ ಒಗ್ಗಿಹೋಗುತ್ತದೆ. ಆಮೇಲೆ ಸರಿಯಾಗಿರುವ ಫೋಟೋವನ್ನೇ ನಾವು ಕೆಡಿಸತೊಡಗುತ್ತೇವೆ.

ಇನ್ನು ಮಾಡಬೇಕಾದ್ದೇನು? ಮೊದಲು ಕೋಣೆಯನ್ನು ನೋಡಿ. ಕಿಟಕಿಯ ಬೆಳಕು ನೇರವಾಗಿ ಪರದೆಯ ಮೇಲೆ ಬೀಳಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಪುಟ, ಮಳೆಗಾಲದ ಸಂಜೆಯ ಮಬ್ಬಿನಲ್ಲಿ ಇನ್ನೊಂದು ಪುಟ ಮಾಡಿದರೆ ಎರಡೂ ಒಂದೇ ಆಲ್ಬಂನವು ಎನಿಸುವುದಿಲ್ಲ. ಪರದೆ ಎಳೆದು ಒಂದೇ ದೀಪ ಇಟ್ಟುಕೊಳ್ಳಿ. ಎದುರಿನ ಗೋಡೆಗೆ ಗಾಢ ಬಣ್ಣ ಬೇಡ. ಮಾನಿಟರ್ ಹಚ್ಚಿ ಅರ್ಧ ಗಂಟೆಯಾದ ಮೇಲೆ ಬಣ್ಣದ ಕೆಲಸಕ್ಕೆ ಕೈಹಾಕಿ. ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ‘ನೈಟ್ ಲೈಟ್’ ಸೌಲಭ್ಯವನ್ನು ಆರಿಸಿಡಿ.

ಆಮೇಲೆ ಬ್ರೈಟ್‌ನೆಸ್. ಆಲ್ಬಂ ಕಪ್ಪಾಗಿ ಬರುವುದಕ್ಕೆ ದೊಡ್ಡ ಕಾರಣ ಇದೇ. ಮಾನಿಟರ್ ಡಬ್ಬಿಯಿಂದ ಹೊರಬಂದಾಗ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಬೆಳಗುತ್ತಿರುತ್ತದೆ. ಅಂಥ ಪರದೆಯಲ್ಲಿ ಫೋಟೋ ಬೆಳ್ಳಗೆ ಕಂಡು ನಾವು ಅದನ್ನು ಇನ್ನಷ್ಟು ಗಾಢ ಮಾಡುತ್ತೇವೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಅದು ಗಾಢವಾಗಿಯೇ ಉಳಿಯುತ್ತದೆ. ಪ್ರಿಂಟ್‌ಗಾಗಿ ಕೆಲಸ ಮಾಡುವವರು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಇಟ್ಟುಕೊಳ್ಳುವುದು ರೂಢಿ. ಅಳೆಯುವ ಸಾಧನ ಇಲ್ಲದವರು ಒಂದು ಬಿಳಿ ಹಾಳೆಯನ್ನು ಕೋಣೆಯ ದೀಪದಡಿ ಮಾನಿಟರ್ ಪಕ್ಕ ಹಿಡಿದು, ಪರದೆಯ ಬಿಳಿ ಆ ಹಾಳೆಗೆ ಹತ್ತಿರವಾಗುವವರೆಗೆ ಬೆಳಕು ಇಳಿಸಲಿ.

ಮೂರನೆಯದು ಬಿಳಿಯ ಗುಣ ಮತ್ತು ಗಾಮಾ. ಮಾನಿಟರಿನ ಮೆನುವಿನಲ್ಲಿ 9300 ಎಂದಿದ್ದರೆ ಅದು ನೀಲಿ ಬಿಳುಪು, 6500 ಆರಿಸಿ. ಗಾಮಾ 2.2 ಇರಲಿ. ಮೊದಲು 1.8 ಬಳಸುತ್ತಿದ್ದ ಮ್ಯಾಕ್ ಕೂಡ 2009ರಿಂದ 2.2ಕ್ಕೆ ಬಂದಿದೆ. ‘ವಿವಿಡ್’, ‘ಡೈನಮಿಕ್’ ಎಂಬ ಆಯ್ಕೆಗಳು ಅಂಗಡಿಯಲ್ಲಿ ಗಿರಾಕಿಯನ್ನು ಸೆಳೆಯಲು ಇರುವಂಥವು, ಎಡಿಟಿಂಗ್‌ಗಲ್ಲ. ವಿಂಡೋಸ್‌ನಲ್ಲಿ ‘ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್’ ಎಂದು ಹುಡುಕಿದರೆ ಕಣ್ಣಂದಾಜಿನಲ್ಲಿ ಸರಿಪಡಿಸುವ ಸಾಧನ ಸಿಗುತ್ತದೆ. ಏನೂ ಮಾಡದಿರುವುದಕ್ಕಿಂತ ಅದು ಮೇಲು.

ಆದರೆ ಇದರಲ್ಲೇ ದುಡಿಯುವವರು ಅಳೆಯುವ ಯಂತ್ರವನ್ನೇ ನಂಬಬೇಕು. ಸ್ಪೈಡರ್, ಕ್ಯಾಲಿಬ್ರೈಟ್ ಮುಂತಾದ ಹೆಸರಿನಲ್ಲಿ ಇವು ಸಿಗುತ್ತವೆ. ಅಂಗೈಯಗಲದ ಈ ಯಂತ್ರವನ್ನು ಪರದೆಗೆ ತಾಗಿಸಿಟ್ಟರೆ ಸಾಫ್ಟ್‌ವೇರ್ ಒಂದೊಂದೇ ಬಣ್ಣವನ್ನು ತೋರಿಸುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಕೇಳಿದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ವ್ಯತ್ಯಾಸ ‘ಪ್ರೊಫೈಲ್’ ಎಂಬ ಕಡತದಲ್ಲಿ ದಾಖಲಾಗುತ್ತದೆ. ಫೋಟೋಶಾಪ್‌ನಂಥ ತಂತ್ರಾಂಶ ಆ ಕಡತ ಓದಿ ತಿದ್ದಿ ತೋರಿಸುತ್ತದೆ. ಈ ಕಡತಗಳಿಗೆ ಎಲ್ಲ ಕಂಪನಿಗಳೂ ಒಪ್ಪುವ ಒಂದೇ ರೂಪ ಕೊಡಲೆಂದು 1993ರಲ್ಲಿ ಐಸಿಸಿ ಎಂಬ ಒಕ್ಕೂಟ ಹುಟ್ಟಿತು. ಇದು ಕ್ರಿಕೆಟ್ಟಿನ ಐಸಿಸಿ ಅಲ್ಲ! ಯಂತ್ರ ಅಗ್ಗವೇನಲ್ಲ. ನಾಲ್ಕು ಗೆಳೆಯರು ಸೇರಿ ಒಂದು ಕೊಂಡು ತಿಂಗಳಿಗೊಮ್ಮೆ ಸರದಿಯಲ್ಲಿ ಬಳಸಿದರೂ ಆಯಿತು.

ಫೈಲ್ ಕಳಿಸುವಾಗಲೂ ಎಚ್ಚರ ಬೇಕು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ‘ಎಸ್‌ಆರ್‌ಜಿಬಿ’ ಎಲ್ಲೆಡೆ ನಡೆಯುವ ನಾಣ್ಯ. 1998ರ ‘ಅಡೋಬ್ ಆರ್‌ಜಿಬಿ’ಯಲ್ಲಿ ಹಸಿರು, ನೀಲಿ-ಹಸಿರು ಬಣ್ಣಗಳಿಗೆ ಹೆಚ್ಚು ಜಾಗವಿದೆ. ಆದರೆ ಅದನ್ನು ಗುರುತಿಸದ ಕಡೆಗೆ ಕಳಿಸಿದರೆ ಬಣ್ಣ ಸಪ್ಪೆಯಾಗುತ್ತದೆ. ಲ್ಯಾಬಿಗೆ ಯಾವುದು ಬೇಕೆಂದು ಮೊದಲೇ ಕೇಳಿ. ಅವರ ಕಾಗದದ ಪ್ರೊಫೈಲ್ ಇದ್ದರೆ ತರಿಸಿಕೊಳ್ಳಿ. ಅಬ್ಬಲಿಗೆಯ ಕಡು ಕಿತ್ತಳೆ, ಯಕ್ಷಗಾನ ವೇಷದ ಕಡುಗೆಂಪು ಇಂಥವು ಪರದೆಯಲ್ಲಿ ಬಂದಷ್ಟು ಕಾಗದದಲ್ಲಿ ಬಾರದೆ ಹೋಗಬಹುದು. ಫೋಟೋಶಾಪ್‌ನ ‘ಪ್ರೂಫ್ ಕಲರ್ಸ್’ ಒತ್ತಿದರೆ ಆ ಕೊರತೆ ಮೊದಲೇ ಕಾಣುತ್ತದೆ.

ಇದೆಲ್ಲ ಬರೀ ಸೀರೆಯ ಮಾತಲ್ಲ, ಮುಖದ ಮಾತು. ಹಿಂದೆ ಕೊಡಾಕ್ ಕಂಪನಿ ಪ್ರಿಂಟ್ ಬಣ್ಣ ಹೊಂದಿಸಲು ಲ್ಯಾಬ್‌ಗಳಿಗೆ ‘ಶರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮೈಬಣ್ಣದ ಹೆಂಗಸಿನ ಚಿತ್ರವೇ. ಆ ಮುಖಕ್ಕೆ ಹೊಂದಿಸಿದ ಪ್ರಿಂಟ್‌ನಲ್ಲಿ ಕಂದು, ಕಪ್ಪು ಮೈಬಣ್ಣದವರ ಮುಖಚಹರೆ ಮುಸುಕಾಗುತ್ತಿತ್ತು. ಬೇರೆ ಬೇರೆ ಮೈಬಣ್ಣದವರು ಆ ಕಾರ್ಡಿಗೆ ಬಂದದ್ದು 1990ರ ದಶಕದಲ್ಲಿ. ನಮ್ಮಲ್ಲಿ ಇಂದಿಗೂ ಮದುಮಗಳನ್ನು ‘ಸ್ವಲ್ಪ ಬೆಳ್ಳಗೆ ಮಾಡಿ’ ಎನ್ನುವವರುಂಟು. ಸರಿಯಾಗಿ ಅಳೆದ ಪರದೆಯಲ್ಲಿ ಗೋಧಿ ಬಣ್ಣ ಗೋಧಿಯಾಗಿ, ಎಣ್ಣೆಗಪ್ಪು ಎಣ್ಣೆಗಪ್ಪಾಗಿ, ತನ್ನದೇ ಹೊಳಪಿನಲ್ಲಿ ಕಾಣುತ್ತದೆ. ಅದನ್ನು ನೋಡಿದ ಮೇಲೆ ಬಿಳುಪು ಬಳಿಯಬೇಕೆನಿಸುವುದು ಕಡಿಮೆ.

ಕೊನೆಗೊಂದು ಮಾತು. ನೂರು ಫೋಟೋ ಪ್ರಿಂಟ್‌ಗೆ ಕೊಡುವ ಮುನ್ನ ಒಂದು ಮುಖ, ಒಂದು ಸೀರೆ, ಒಂದು ಮಲ್ಲಿಗೆ ದಂಡೆ ಇರುವ ಮೂರು ಚಿತ್ರಗಳನ್ನು ಅದೇ ಲ್ಯಾಬಿನಲ್ಲಿ, ಅದೇ ಕಾಗದದಲ್ಲಿ ಹಾಕಿಸಿ ನೋಡಿ. ಆ ಪ್ರಿಂಟ್‌ಗಳನ್ನು ಮಾನಿಟರ್ ಪಕ್ಕ ಹಿಡಿದು ಹೋಲಿಸಿ. ಮೂರು ಪ್ರಿಂಟಿನ ಖರ್ಚಿನಲ್ಲಿ ಆಲ್ಬಂ ಉಳಿಯುತ್ತದೆ, ಕೂಲಿ ಉಳಿಯುತ್ತದೆ, ಮನೆಯವರ ನೆನಪಿನ ಬಣ್ಣವೂ ಉಳಿಯುತ್ತದೆ.