ಹಳೆ ಗಾಡಿಯ ಇಂಡಿಕೇಟರ್ ಯಾಕ ಹತ್ತವಲ್ದು?

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್ ದಾರಿ. ಕುಂಭಾರಿ, ವಳಸಂಗ ದಾಟಿ ಹೋಗಬೇಕು. ಕಬ್ಬಿನ ಸುಗ್ಗಿಯಲ್ಲಿ ರಾತ್ರಿಯೂ ಟ್ರ್ಯಾಕ್ಟರ್, ಲಾರಿ ಓಡುತ್ತವೆ. ಇಂಥ ರಸ್ತೆಯಲ್ಲಿ ನೀವು ಬಲಕ್ಕೆ ಹೊರಳಬೇಕು ಅನ್ನಿ. ಹಗಲಾದರೆ ಕೈ ಚಾಚಿ ತೋರಿಸಬಹುದು. ಕತ್ತಲಾಗ ಕೈ ಕಾಣಾಂಗಿಲ್ಲ. ಹಿಂದಿನ ಲಾರಿಯವನಿಗೆ ನೀವು ಹೊರಳುವುದು ಹೇಗೆ ತಿಳಿಯಬೇಕು? ಅದನ್ನು ಹೇಳುವುದೇ ಇಂಡಿಕೇಟರ್. ಅದು ಕೆಟ್ಟರೆ ಜೀವಕ್ಕೇ ಅಪಾಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳನ್ನು ನೀವು ನೋಡಿರಬಹುದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೊದಲಿನ ಜಾವಾಗಳಿಗೆ ಇಂಡಿಕೇಟರ್ ಇರಲೇ ಇಲ್ಲ. ಆಮೇಲೆ ಹಾಕಿಸಿಕೊಂಡವರು ಇದ್ದಾರೆ. ಹಳೆ ಗಾಡಿಯ ವೈರಿಗೆ ಹಲವು ಕೈ ತಾಗಿರುತ್ತವೆ. ಆದ್ದರಿಂದ ವೈರಿನ ಬಣ್ಣ ನಂಬಬೇಡಿ. ಕರೆಂಟ್ ಹೋಗುವ ದಾರಿ ಹಿಡಿದು ಹುಡುಕಿ.

ಆ ದಾರಿ ಯಾವುದು? ಬ್ಯಾಟರಿಯಿಂದ ಫ್ಯೂಸ್, ಕೀಲಿ, ಫ್ಲಾಶರ್, ಸ್ವಿಚ್, ಕಡೆಗೆ ಬಲ್ಬ್. ಬಲ್ಬಿನಿಂದ ಗಾಡಿಯ ಕಬ್ಬಿಣದ ಮೈ ಮೂಲಕ ಕರೆಂಟ್ ಮತ್ತೆ ಬ್ಯಾಟರಿಗೆ ಬರುತ್ತದೆ. ಈ ತಿರುಗಿ ಬರುವ ದಾರಿಗೆ ‘ಅರ್ಥ್’ ಅನ್ನುತ್ತಾರೆ. ದಾರಿ ಎಲ್ಲಿ ಕಡಿದರೂ ದೀಪ ಹತ್ತುವುದಿಲ್ಲ.

ಎರಡೂ ಕಡೆ ಹತ್ತದಿದ್ದರೆ: ಕೀಲಿ ಹಾಕಿ ಹಾರ್ನ್ ಒತ್ತಿ. ದನಿ ಸಣ್ಣಗೆ ಬಂದರೆ ಬ್ಯಾಟರಿ ಇಳಿದಿರಬಹುದು. ಫ್ಯೂಸ್ ಸುಟ್ಟಿದೆಯೇ ನೋಡಿ. ಅವು ಸರಿ ಇದ್ದರೆ ಫ್ಲಾಶರ್ ನೋಡಿ. ಇದು ಸಣ್ಣ ಡಬ್ಬಿ. ಹಳೆ ಫ್ಲಾಶರಿನೊಳಗಿನ ಲೋಹದ ಪಟ್ಟಿ ಕಾದು ಬಾಗುತ್ತದೆ, ಆರಿ ಮರಳುತ್ತದೆ. ಅದರಿಂದಲೇ ದೀಪ ಮಿಣುಕುತ್ತದೆ. ಎರಡು ಕಾಲಿನ ಫ್ಲಾಶರ್ ಇದ್ದರೆ ಅದನ್ನು ತೆಗೆದು, ಆ ಎರಡು ವೈರನ್ನು ಒಂದಕ್ಕೊಂದು ಜೋಡಿಸಿ ಸ್ವಿಚ್ ಹಾಕಿ. ದೀಪ ಮಿಣುಕದೆ ಸುಮ್ಮನೆ ಹತ್ತಿ ನಿಂತರೆ ಫ್ಲಾಶರ್ ಕೆಟ್ಟಿದೆ ಎಂದು ತಿಳಿಯಿರಿ.

ಒಂದೇ ಕಡೆ ಹತ್ತದಿದ್ದರೆ: ಬ್ಯಾಟರಿ, ಫ್ಲಾಶರ್ ಸರಿ ಇವೆ. ಸರಿ ಇರುವ ಕಡೆಯ ಬಲ್ಬನ್ನು ಇಲ್ಲಿ ಹಾಕಿ ನೋಡಿ. ಆಗಲೂ ಹತ್ತದಿದ್ದರೆ ಒಂದು ವೈರ್ ತಗೊಳ್ರಿ. ಅದರ ಒಂದು ತುದಿ ಹೋಲ್ಡರಿನ ಲೋಹಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿಯಿರಿ. ದೀಪ ಹತ್ತಿತೇ? ಹಾಗಾದರೆ ಅರ್ಥ್ ಕೆಟ್ಟಿದೆ. ತುಕ್ಕು, ಬಣ್ಣ ಹೋಗುವ ಹಾಗೆ ಉಸುಕಿನ ಕಾಗದದಿಂದ ತಿಕ್ಕಿ ಬಿಗಿ ಮಾಡಿ. ಹತ್ತದಿದ್ದರೆ ಸ್ವಿಚ್ಚಿನಿಂದ ಬಲ್ಬಿನವರೆಗಿನ ವೈರ್ ನೋಡಿ. ಹ್ಯಾಂಡಲ್ ಹೊರಳುವ ಜಾಗದಲ್ಲಿ ವೈರ್ ತಿಕ್ಕಿ ತಿಕ್ಕಿ ಒಳಗೇ ಕಡಿದಿರುತ್ತದೆ.

ಹತ್ತುತ್ತದೆ, ಮಿಣುಕುವುದಿಲ್ಲ ಎಂದರೆ: ಆ ಕಡೆಯ ಒಂದು ಬಲ್ಬ್ ಸುಟ್ಟಿರಬಹುದು. ತಪ್ಪು ಬಲ್ಬ್ ಹಾಕಿರಲೂಬಹುದು. 10 ವ್ಯಾಟಿನ ಎರಡು ಬಲ್ಬ್ ಸೇರಿ 20 ವ್ಯಾಟ್. 6 ವೋಲ್ಟಿನ ಗಾಡಿಯಲ್ಲಿ ಅವು 3 ಆಂಪಿಯರಿಗಿಂತ ತುಸು ಹೆಚ್ಚು ಕರೆಂಟ್ ಎಳೆಯುತ್ತವೆ. ಅಷ್ಟು ಎಳೆದರೇ ಫ್ಲಾಶರಿನ ಪಟ್ಟಿ ಕಾಯುತ್ತದೆ. ಎಲ್ಇಡಿ ಬಲ್ಬ್ ಎಳೆಯುವುದು ಬಹಳ ಕಡಿಮೆ. ಅದಕ್ಕೆ ಎಲೆಕ್ಟ್ರಾನಿಕ್ ಫ್ಲಾಶರೇ ಬೇಕು. 6 ವೋಲ್ಟಿನ ಗಾಡಿಗೆ 12 ವೋಲ್ಟಿನ ಬಲ್ಬ್ ಹಾಕಿದರೆ ಬೆಳಕು ಮಂದ. 12ರ ಗಾಡಿಗೆ 6ರ ಬಲ್ಬ್ ಹಾಕಿದರೆ ಸುಟ್ಟೇ ಹೋಗುತ್ತದೆ.

ಇವು ನೆನಪಿರಲಿ:
* ವೈರ್ ಬಿಚ್ಚುವ ಮೊದಲು ಬ್ಯಾಟರಿಯ ಅರ್ಥ್ ವೈರ್ ತೆಗೆಯಿರಿ. ಪರೀಕ್ಷೆ ಮಾಡುವಾಗ ಮಾತ್ರ ಮತ್ತೆ ಜೋಡಿಸಿ.
* ಕಿಡಿ ಹಾರಿಸಿ ಕರೆಂಟ್ ನೋಡಬೇಡಿ. ಪೆಟ್ರೋಲ್ ಟಾಕಿ ಹತ್ತಿರವೇ ಇದೆ.
* ‘ಇವತ್ತೊಂದ್ ದಿನ ನಡೀತದ’ ಅಂತ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಹಾಕಬೇಡಿ. ವೈರ್ ಕಾದು ಗಾಡಿಗೇ ಬೆಂಕಿ ಹತ್ತಬಹುದು.

ದುರಸ್ತಿ ಆಯಿತೇ? ಗಡಿಯಾರ ಹಿಡಿದು ಎಣಿಸಿ. ಒಂದು ನಿಮಿಷಕ್ಕೆ 60ರಿಂದ 120 ಸಲ ಮಿಣುಕಬೇಕು. ಎಣಿಸಲು ಬಂದವರು ಮಿಸ್ತ್ರಿಯ ಕೆಲಸವನ್ನೂ ಪರೀಕ್ಷಿಸಬಹುದು!

ಹೇಳಿ ನೋಡೋಣ:
1. ಅರ್ಥ್ ಎಂದರೇನು?
2. ಎಡಗಡೆ ಮಾತ್ರ ದೀಪ ಹತ್ತುವುದಿಲ್ಲ. ಮೊದಲು ಏನು ನೋಡುತ್ತೀರಿ?