ಹೊಗೆ ಕಾಯುವ ಕಾವಲುಗಾರ

ತುಮಕೂರಿನ ಸತ್ಯಮಂಗಲ ನಿಮಗೆ ಗೊತ್ತಿರಬಹುದು. ಅಲ್ಲಿ ಕೈಗಾರಿಕಾ ಪ್ರದೇಶ ಇದೆ. ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾರೆ. ಒಂದು ಸಂಜೆ ಪಾಠ ಮುಗಿದ ಮೇಲೆ ಅವರು ಕೇಳಿದರು:

“ಮೇಷ್ಟ್ರೆ, ನಮ್ ಗೋಡೌನ್ ಸೂರಲ್ಲಿ ಬಟ್ಟಲು ಬೋರಲು ಹಾಕ್ದಂಗೆ ಏನೇನೋ ಅವೆ. ಅದ್ರಾಗೆ ಸಣ್ಣ ದೀಪ ಮಿಣಕ್ ಮಿಣಕ್ ಅಂತೈತೆ. ಏನವು?”

“ಅದು ಸ್ಮೋಕ್ ಡಿಟೆಕ್ಟರ್ ಅಕ್ಕ. ಹೊಗೆ ಬಂದರೆ ಪತ್ತೆ ಮಾಡಿ ಕೂಗೋ ಯಂತ್ರ” ಎಂದೆ.

“ಹೊಗೆ ದಿನಾ ಬರಲ್ವಲ್ಲ. ಅದು ಕೆಟ್ಟು ಕೂತಿದ್ರೆ ಹೆಂಗ್ ಗೊತ್ತಾಗ್ತದೆ?”

ಒಳ್ಳೆಯ ಪ್ರಶ್ನೆ! ನೀವೂ ಯೋಚಿಸಿ. ಫ್ಯಾನು ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ. ಹೊಗೆ ಯಂತ್ರ ಕೆಟ್ಟರೆ ಗೊತ್ತಾಗುವುದು ಬೆಂಕಿ ಬಿದ್ದ ದಿನ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಫಲ? ಅದಕ್ಕೇ ಈ ಯಂತ್ರ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಹಾಗೆ ಮಾಡಿದ್ದಾರೆ. ಅದು ಹೇಗೆ? ನೋಡೋಣ.

ಹೊಗೆಯನ್ನು ಹೇಗೆ ಕಾಣುತ್ತದೆ?

ಹೆಂಚಿನ ಮನೆಯ ಅಡುಗೆಕೋಣೆ ನೆನಪು ಮಾಡಿಕೊಳ್ಳಿ. ಬೆಳಕಿಂಡಿಯಿಂದ ಬಿಸಿಲುಕೋಲು ಒಳಗೆ ಬೀಳುತ್ತದೆ. ಗಾಳಿ ಶುದ್ಧವಾಗಿದ್ದರೆ ಆ ಕೋಲು ಅಷ್ಟಾಗಿ ಕಾಣುವುದಿಲ್ಲ. ಒಲೆ ಹಚ್ಚಿ ಹೊಗೆ ಎದ್ದಿತೋ, ಕೋಲು ಎದ್ದು ಕಾಣುತ್ತದೆ. ಯಾಕೆ? ಹೊಗೆಯಲ್ಲಿ ಸಣ್ಣ ಸಣ್ಣ ಕಣಗಳಿವೆ. ಬೆಳಕು ಅವಕ್ಕೆ ತಾಗಿ ಸುತ್ತ ಚೆದರುತ್ತದೆ. ಚೆದರಿದ ಬೆಳಕು ನಮ್ಮ ಕಣ್ಣಿಗೆ ಬೀಳುತ್ತದೆ.

ಸೂರಿನ ಯಂತ್ರದಲ್ಲೂ ಇದೇ ಉಪಾಯ. ಒಳಗೆ ಒಂದು ಕತ್ತಲೆಯ ಗೂಡು ಇದೆ. ಗೂಡಿನಲ್ಲಿ ಒಂದು ಪುಟ್ಟ ದೀಪ. ಬೆಳಕನ್ನು ಗುರುತಿಸುವ ಒಂದು ಪುಟ್ಟ ‘ಕಣ್ಣು’. ದೀಪದ ಬೆಳಕು ನೇರವಾಗಿ ಕಣ್ಣಿಗೆ ಬೀಳದಂತೆ ಅವನ್ನು ಜೋಡಿಸಿದ್ದಾರೆ. ಹೊಗೆ ಗೂಡಿನೊಳಗೆ ನುಗ್ಗಿದರೆ ಬೆಳಕು ಚೆದರುತ್ತದೆ. ಕಣ್ಣಿಗೆ ಬೆಳಕು ಬೀಳುತ್ತದೆ. ಆಗ ಗಂಟೆ ಹೊಡೆಯುತ್ತದೆ. ಬೇರೆ ಬಗೆಯ ಯಂತ್ರಗಳೂ ಇವೆ. ಆದರೆ ಈಗ ಹೆಚ್ಚಾಗಿ ಬಳಸುವುದು ಈ ಬಗೆಯನ್ನು.

ತನ್ನನ್ನು ತಾನೇ ಪರೀಕ್ಷೆ ಮಾಡುವುದು ಹೇಗೆ?

ಆ ಗೂಡು ಎಷ್ಟೇ ಕಪ್ಪಾಗಿದ್ದರೂ ಚೂರು ಬೆಳಕು ಗೋಡೆಗೆ ತಾಗಿ ಕಣ್ಣಿಗೆ ಬಂದೇ ಬರುತ್ತದೆ. ಅದು ಎಷ್ಟು ಎಂದು ಯಂತ್ರಕ್ಕೆ ಗೊತ್ತಿರುತ್ತದೆ. ಅದನ್ನೇ ಮತ್ತೆ ಮತ್ತೆ ಅಳೆದು ನೋಡುತ್ತಿರುತ್ತದೆ.

ಆ ಚೂರು ಬೆಳಕೂ ಬರಲಿಲ್ಲ ಎಂದರೆ? ದೀಪ ಸತ್ತಿದೆ, ಇಲ್ಲವೆ ಕಣ್ಣು ಹೋಗಿದೆ.

ಬೆಳಕು ತಟ್ಟನೆ ಹೆಚ್ಚಿದರೆ? ಹೊಗೆ ಬಂದಿದೆ.

ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚುತ್ತಾ ಹೋದರೆ? ಒಳಗೆ ಧೂಳು ಕೂತಿದೆ. ಒಳ್ಳೆಯ ಯಂತ್ರ ಸ್ವಲ್ಪ ಧೂಳನ್ನು ಲೆಕ್ಕಕ್ಕೆ ಹಿಡಿದು ಸರಿದೂಗಿಸಿಕೊಳ್ಳುತ್ತದೆ. ಮಿತಿ ಮೀರಿದರೆ ‘ನನ್ನನ್ನು ಶುಚಿ ಮಾಡಿ’ ಎಂದು ಸೂಚನೆ ಕೊಡುತ್ತದೆ.

ಈ ಸೂಚನೆ ಎಲ್ಲಿಗೆ ಹೋಗುತ್ತದೆ? ದೊಡ್ಡ ಕಟ್ಟಡಗಳಲ್ಲಿ ಇದಕ್ಕೆ ಒಂದು ಪೆಟ್ಟಿಗೆ ಇರುತ್ತದೆ. ಸಾಮಾನ್ಯವಾಗಿ ಬಾಗಿಲ ಬಳಿ, ಇಲ್ಲವೆ ಕಾವಲುಗಾರರು ಕೂರುವ ಕಡೆ ಇರುತ್ತದೆ. ಅದಕ್ಕೆ ಪ್ಯಾನೆಲ್ ಎನ್ನುತ್ತಾರೆ. ಈಗಿನ ಪ್ಯಾನೆಲ್ ಶಾಲೆಯ ಮೇಷ್ಟ್ರ ಹಾಗೆ ಹಾಜರಿ ಕರೆಯುತ್ತದೆ. ಒಂದೊಂದು ಯಂತ್ರಕ್ಕೂ ಒಂದು ನಂಬರು. ‘ಒಂದು?’ ‘ಹಾಜರ್.’ ‘ಎರಡು?’ ‘ಹಾಜರ್.’ ಹಗಲೂ ರಾತ್ರಿ ಹೀಗೇ ನಡೆಯುತ್ತದೆ. ಬಹಳ ಯಂತ್ರಗಳಲ್ಲಿ ದೀಪ ಮಿಣುಕುವುದು ಈ ಹಾಜರಿಗೇ. ಒಂದು ಯಂತ್ರ ಉತ್ತರ ಕೊಡಲಿಲ್ಲ ಎಂದರೆ ತಂತಿ ತುಂಡಾಗಿದೆ, ಇಲ್ಲವೆ ಯಾರೋ ಯಂತ್ರ ಕಿತ್ತಿದ್ದಾರೆ. ಕೂಡಲೇ ಪ್ಯಾನೆಲ್ಲಿನಲ್ಲಿ ಹಳದಿ ದೀಪ ಹತ್ತುತ್ತದೆ. ‘ಪೀಂ ಪೀಂ’ ಎಂದು ಸದ್ದು ಬರುತ್ತದೆ.

ಮೂರು ಬಣ್ಣ ನೆನಪಿಡಿ

ಹಸಿರು: ವಿದ್ಯುತ್ ಇದೆ.
ಹಳದಿ: ಏನೋ ಕೆಟ್ಟಿದೆ. ಪಕ್ಕದಲ್ಲಿ ‘ಫಾಲ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ.
ಕೆಂಪು: ಬೆಂಕಿ. ಪಕ್ಕದಲ್ಲಿ ‘ಫೈರ್’ ಎಂದು ಬರೆದಿರುತ್ತದೆ.

ಸದ್ದು ನಿಲ್ಲಿಸುವ ಗುಂಡಿಯೂ ಅಲ್ಲೇ ಇರುತ್ತದೆ. ತಪ್ಪಾಗುವುದು ಇಲ್ಲೇ. ಹಳದಿ ದೀಪ ಹತ್ತಿ ಸದ್ದು ಬರುತ್ತದೆ. ಕಿರಿಕಿರಿ ಅಂತ ಯಾರೋ ಗುಂಡಿ ಒತ್ತುತ್ತಾರೆ. ಸದ್ದು ನಿಲ್ಲುತ್ತದೆ. ಎಲ್ಲರೂ ಮರೆಯುತ್ತಾರೆ. ಅಳುವ ಮಗುವಿನ ಬಾಯಿ ಮುಚ್ಚಿದರೆ ಅದರ ಹೊಟ್ಟೆನೋವು ಹೋಗುತ್ತದೆಯೇ?

ಯಂತ್ರಕ್ಕೆ ಕಾಣದ ತಪ್ಪು

ಇಷ್ಟು ಹೇಳಿದಾಗ ಅಕ್ಕ ಸುಮ್ಮನೆ ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು:

“ಅದ್ರ ಮ್ಯಾಲೆ ಪ್ಲಾಸ್ಟಿಕ್ ಚೀಲ ಕಟ್ಟಿದ್ರೆ ಅದು ಹೇಳ್ತದಾ ಮೇಷ್ಟ್ರೆ?”

“ಯಾಕಕ್ಕ?”

“ಸುಣ್ಣ ಬಣ್ಣ ಹೊಡೆಯೋವಾಗ ಮೂರಕ್ಕೆ ಚೀಲ ಕಟ್ಟಿದ್ರು. ಬಣ್ಣದೋರು ಹೋಗಿ ಎರಡು ತಿಂಗ್ಳಾತು. ಚೀಲ ಇನ್ನೂ ಹಂಗೇ ಅವೆ. ನಾನು ದಿನಾ ನೋಡ್ತೀನಿ. ಅದು ಇರೋದೇ ಹಂಗೆ ಅಂದ್ಕಂಡಿದ್ದೆ.”

ನನಗೆ ಎದೆ ಝಲ್ ಎಂದಿತು. ಚೀಲದೊಳಗಿನ ಯಂತ್ರ ಹಾಜರಿ ಕೂಗುತ್ತದೆ. ದೀಪ, ಕಣ್ಣು, ತಂತಿ ಎಲ್ಲಾ ಸರಿ ಎನ್ನುತ್ತದೆ. ಹಳದಿ ದೀಪ ಹತ್ತುವುದಿಲ್ಲ. ಆದರೆ ಹೊಗೆ ಒಳಗೆ ಹೋಗುವ ದಾರಿಯೇ ಇಲ್ಲ!

ಈಗ ಇದಕ್ಕೂ ಉಪಾಯ ಕಂಡುಹಿಡಿದಿದ್ದಾರೆ. ತನ್ನೊಳಗೇ ಚೂರು ಹೊಗೆ ಎಬ್ಬಿಸಿ ಪರೀಕ್ಷೆ ಮಾಡಿಕೊಳ್ಳುವ ಯಂತ್ರಗಳು ಬಂದಿವೆ. ಹೊಗೆಯ ದಾರಿ ತೆರೆದಿದೆಯೇ ಎಂದು ನೋಡುವ ಯಂತ್ರಗಳೂ ಬಂದಿವೆ. ಆದರೆ ಅವು ಎಲ್ಲ ಕಡೆ ಇಲ್ಲ. ಉಳಿದ ಕಡೆ ಕೆಲಸ ತಿಳಿದವರು ಬಂದು, ಪರೀಕ್ಷೆಯ ಹೊಗೆಯನ್ನು ಯಂತ್ರದ ಹತ್ತಿರ ಬಿಟ್ಟು ನೋಡಬೇಕು. ಚೀಲ ಕಾಣಲು ಮನುಷ್ಯರ ಕಣ್ಣೇ ಬೇಕು.

ಹೊಗೆ ಬೆಂಕಿಗಿಂತ ಮೊದಲು ಬರುತ್ತದೆ

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡವಿದೆ. 2010ರ ಫೆಬ್ರವರಿ 23ರಂದು ಅಲ್ಲಿ ಬೆಂಕಿ ಕಾಣಿಸಿತು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಕೆಲವರು ಉಸಿರುಕಟ್ಟಿ ಸತ್ತರು. ಕೆಲವರು ಉಸಿರಿಗಾಗಿ ಕಿಟಕಿ ಒಡೆದು ಕೆಳಗೆ ಜಿಗಿದು ಸತ್ತರು. ಒಟ್ಟು 9 ಜನ ಪ್ರಾಣ ಬಿಟ್ಟರು. ಬೆಂಕಿ ಮುಟ್ಟುವ ಮೊದಲೇ ಹೊಗೆ ಕೊಲ್ಲುತ್ತದೆ. ಅದಕ್ಕೇ ಹೊಗೆಯ ಸುದ್ದಿ ಬೇಗ ಸಿಗಬೇಕು. ಹೊರಗೆ ಹೋಗುವ ಬಾಗಿಲೂ ತೆರೆದಿರಬೇಕು. ಬಾಗಿಲಿಗೆ ಬೀಗ ಇದೆಯೇ ಎಂದು ಸೂರಿನ ಯಂತ್ರ ನೋಡುವುದಿಲ್ಲ.

ನೀವು ಏನು ಮಾಡಬಹುದು?

1. ಕೆಲಸದ ಜಾಗದಲ್ಲಿ ತಲೆ ಎತ್ತಿ ಸೂರು ನೋಡಿ. ಯಂತ್ರಕ್ಕೆ ಚೀಲ, ಟೇಪು, ಬಣ್ಣ, ಜೇಡರ ಬಲೆ ಇದೆಯೇ?
2. ಪ್ಯಾನೆಲ್ಲಿನಲ್ಲಿ ಹಳದಿ ದೀಪ ಕಂಡರೆ ಮೇಲಿನವರಿಗೆ ಹೇಳಿ. ದಿನಾಂಕ ಬರೆದಿಡಿ.
3. ಹೊರಗೆ ಹೋಗುವ ಬಾಗಿಲಿಗೆ ಬೀಗ, ಅಡ್ಡ ಸಾಮಾನು ಇದ್ದರೆ ತೆಗೆಸಿ.
4. ಬ್ಯಾಟರಿಯ ಯಂತ್ರ ಆಗಾಗ ‘ಚಿಕ್’ ಎಂದರೆ ಬ್ಯಾಟರಿ ಮುಗಿಯುತ್ತಿದೆ. ಕಿತ್ತು ಬಿಸಾಡಬೇಡಿ, ಹೊಸದು ಹಾಕಿ. ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿ ಒತ್ತಿ ನೋಡಿ.
5. ಗಂಟೆ ಹೊಡೆದರೆ ಹೊರಗೆ ಬನ್ನಿ. ಲಿಫ್ಟ್ ಹತ್ತಬೇಡಿ. ಹೊಗೆ ಇದ್ದರೆ ಬಗ್ಗಿ ನಡೆಯಿರಿ, ಕೆಳಗಿನ ಗಾಳಿ ಉಸಿರಾಡಲು ವಾಸಿ. 101 ಅಥವಾ 112ಕ್ಕೆ ಫೋನ್ ಮಾಡಿ.

ಅಕ್ಕ ಮರುದಿನ ಸೂಪರ್‌ವೈಸರಿಗೆ ಹೇಳಿದರು. ಅವರು ಮೊದಲು, “ನಿನಗ್ಯಾಕಮ್ಮ ಅದೆಲ್ಲ?” ಎಂದರಂತೆ. ಅಕ್ಕ ಬಿಡಲಿಲ್ಲ. ಕೈ ಎತ್ತಿ ತೋರಿಸಿದರು. ಏಣಿ ತಂದು ಮೂರೂ ಚೀಲ ತೆಗೆದರು. ಆ ವಾರ ಅಕ್ಕ ಪುಸ್ತಕದಲ್ಲಿ ತಾವೇ ಒಂದು ಸಾಲು ಬರೆದು ತಂದರು: ‘ಹಸಿರು ದೀಪ ಇದ್ದರೂ ಸೂರು ನೋಡಬೇಕು.’

ಹೇಳಿ ನೋಡೋಣ

1. ಹಳದಿ ದೀಪ ಹತ್ತಿದರೆ ಏನು ಅರ್ಥ?
2. ಚೀಲ ಕಟ್ಟಿದ ಯಂತ್ರ ‘ಎಲ್ಲಾ ಸರಿ’ ಎನ್ನುವುದು ಯಾಕೆ?
3. ನೀವು ಕೆಲಸ ಮಾಡುವ ಕಡೆ ಹೊರಗೆ ಹೋಗುವ ಬಾಗಿಲು ಎಷ್ಟಿವೆ? ನಾಳೆ ನೋಡಿ ಬಂದು ಬರೆಯಿರಿ.