ಚಿನ್ನದೂರಿನಲ್ಲಿ ಗಿಲೀಟಿನ ತುರಿಕೆ

ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದು ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋದರೆ ಬೂದುಬಣ್ಣದ ಬೋಳುಗುಡ್ಡಗಳು ಎದುರಾಗುತ್ತವೆ. ಊರಿನವರ ಬಾಯಲ್ಲಿ ಅವು ಸೈನೈಡ್ ಗುಡ್ಡ. ಗಣಿಯ ಕಲ್ಲನ್ನು ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟು. ಚಿನ್ನ ಊರು ಬಿಟ್ಟು ಹೋಯಿತು, ದೂಳು ಉಳಿಯಿತು.

ಕೆಜಿಎಫ್‌ನಲ್ಲಿ ಎದೆಯ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಆ ದೂಳೇ. 1940ರ ದಶಕದಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಗೆ ಸಿಲಿಕೋಸಿಸ್ ಇತ್ತು. ಆದರೆ ಅದು ಅಲರ್ಜಿಯಲ್ಲ. ಕಲ್ಲಿನ ದೂಳು ಸಾಕಷ್ಟು ಹೊಕ್ಕರೆ ಯಾರ ಶ್ವಾಸಕೋಶವೂ ಗಟ್ಟಿಯಾಗುತ್ತದೆ. ಅಲರ್ಜಿ ಹಾಗಲ್ಲ, ಆಳು ನೋಡಿ ಹಿಡಿಯುತ್ತದೆ.

ಇದೇ ಊರಿನ ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡ ರೋಲ್ಡ್ ಗೋಲ್ಡ್ ಓಲೆಯನ್ನು ಅಕ್ಕ ಹಾಕಿದರೆ ಏನೂ ಆಗದು. ತಂಗಿಗೆ ಎರಡೇ ದಿನದಲ್ಲಿ ಕಿವಿ ಕೆಂಪಾಗಿ ನೀರು ಸೋರುತ್ತದೆ. ‘ನಂಗೆ ಗಿಲೀಟು ಆಗಿಬರಲ್ಲ’ ಎನ್ನುತ್ತಾಳೆ. ವೈದ್ಯರು ಹೇಳುವುದೂ ಅದನ್ನೇ, ಹೆಸರು ಮಾತ್ರ ಬೇರೆ: ನಿಕಲ್ ಅಲರ್ಜಿ. ಮೇಲಿನ ಲೇಪ ಸವೆದು, ಒಳಗಿನ ನಿಕಲ್ ಬೆವರಿನಲ್ಲಿ ಕರಗಿ ಚರ್ಮಕ್ಕಿಳಿಯುತ್ತದೆ. ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಅದರ ಗುರುತು ಇಟ್ಟುಕೊಂಡು, ಮುಂದಿನ ಸಲ ಜಗಳಕ್ಕೆ ನಿಲ್ಲುತ್ತವೆ. (ಅಪ್ಪಟ ಚಿನ್ನವೂ ಪೂರ್ತಿ ನಿರಪರಾಧಿಯಲ್ಲ. ಅಮೆರಿಕದ ಚರ್ಮವೈದ್ಯರ ಸಂಘವೊಂದು ಅದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಆರಿಸಿತ್ತು. ಯಾವ ವರ್ಷ? 2001. ಕೆಜಿಎಫ್ ಗಣಿ ಮುಚ್ಚಿದ ವರ್ಷ!)

ಹಾಗಾದರೆ ಕಿವಿಯ ತುರಿಕೆ ಮುಂದೊಂದು ದಿನ ಉಬ್ಬಸವಾದೀತೆ? ಓಲೆಯಿಂದ ಅಂಥ ಭಯ ಬೇಡ. ಆದರೆ ಚರ್ಮಕ್ಕೂ ಶ್ವಾಸಕೋಶಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಪ್ಲಾಟಿನಂ ಉಂಗುರ ಸಾಧು. ಕ್ಲೋರಿನ್ ಕೂಡಿದ ಅದರ ಲವಣ ಸಾಧುವಲ್ಲ. ಪ್ಲಾಟಿನಂ ಲವಣ ಸವರಿದ ಕಾಗದದೊಡನೆ ಕೆಲಸ ಮಾಡುತ್ತಿದ್ದ ಷಿಕಾಗೋದ ಫೋಟೋ ಸ್ಟುಡಿಯೋ ಕೆಲಸಗಾರರಲ್ಲಿ ಸೀನು, ಕೆಮ್ಮು, ಏದುಸಿರು ಕಂಡದ್ದು 1911ರಲ್ಲೇ ವರದಿಯಾಗಿತ್ತು. ನೂರಕ್ಕೂ ಹೆಚ್ಚು ವರ್ಷಗಳ ನಂತರ, 2015ರಲ್ಲಿ, ಅಮೆರಿಕದ ವಿಜ್ಞಾನಿಗಳು ಇಂಥದೇ ಲವಣವನ್ನು ಮೊದಲು ಇಲಿಗಳ ಚರ್ಮಕ್ಕೆ ಸವರಿ, ಆಮೇಲೆ ಶ್ವಾಸನಾಳಕ್ಕೆ ಹಾಕಿ ನೋಡಿದರು. ಇಲಿಗಳ ಉಸಿರಾಟ ಏರುಪೇರಾಯಿತು. ಪರಿಚಯವಾದದ್ದು ಚರ್ಮದಲ್ಲಿ, ಜಗಳವಾದದ್ದು ಎದೆಗೂಡಿನಲ್ಲಿ.

ಇಲಿಯ ಮಾತನ್ನು ಎಷ್ಟು ನಂಬಬೇಕು? ನಿಕಲ್ ವಿಷಯದಲ್ಲಂತೂ ಅದು ಬಹುಕಾಲ ದಾರಿ ತಪ್ಪಿಸಿತ್ತು. ಬರೀ ನಿಕಲ್ ಸೋಕಿದರೆ ಇಲಿಗೆ ಸುಲಭವಾಗಿ ಅಲರ್ಜಿಯಾಗುವುದಿಲ್ಲ. ಕಾರಣ ಸಿಕ್ಕಿದ್ದು 2010ರಲ್ಲಿ, ಜರ್ಮನಿಯ ಸಂಶೋಧಕರಿಗೆ. ನಮ್ಮ ಜೀವಕೋಶಗಳ ಟಿಎಲ್‌ಆರ್4 ಎಂಬ ಪ್ರೋಟೀನಿನಲ್ಲಿ ನಿಕಲ್ ಕಚ್ಚಿಕೊಳ್ಳಲು ಹಿಸ್ಟಿಡಿನ್ ಎಂಬ ಎರಡು ಕೊಂಡಿಗಳಿವೆ. ಇಲಿಯ ಪ್ರೋಟೀನಿನಲ್ಲಿ ಆ ಜಾಗದಲ್ಲಿ ಅವಿಲ್ಲ. ಮನುಷ್ಯನ ಜೀನನ್ನು ಇಲಿಗೆ ಸೇರಿಸಿದಾಗ ಅದಕ್ಕೂ ನಿಕಲ್ ಅಲರ್ಜಿ ಬಂತು. ಎರಡು ಕೊಂಡಿಗಳಷ್ಟೇ!

ಲೋಹದ ಅಲರ್ಜಿ ಎದೆಗಿಳಿಯುವ ಈ ವಿಚಾರ ಓಲೆ ಹಾಕುವವರಿಗಿಂತ ಹೆಚ್ಚಾಗಿ ತಟ್ಟುವುದು ಸ್ಟೀಲ್ ಗೇಟು, ರೇಲಿಂಗು ಮಾಡುವ ವೆಲ್ಡಿಂಗ್ ಶಾಪಿನ ಹುಡುಗರಿಗೆ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಕ್ರೋಮಿಯಂ, ನಿಕಲ್ ಎರಡೂ ಇರುತ್ತವೆ. ಕೆಲವರಿಗೆ ಅವುಗಳಿಂದ ಅಸ್ತಮಾ ಬರುವುದುಂಟು. ಅಂಥವರು ಕೆಮ್ಮುತ್ತ ಬಂದರೆ ಅನುಭವಿ ವೈದ್ಯರು ಎಕ್ಸ್‌ರೇಗಿಂತ ಮೊದಲೇ ಕೇಳುವ ಪ್ರಶ್ನೆ ಒಂದಿದೆ: ‘ಕೆಲಸವಿಲ್ಲದ ಭಾನುವಾರ ಹೇಗಿರುತ್ತಪ್ಪಾ?’